ಇಳಿಯುವ ಬಾವಿ, ಸೇದುವ ಬಾವಿ

ಮಾರ್ಚ್ 12, 1941, ಬುಧವಾರ

ಮುಂಜಾನೆ ದೇವಿಂದ್ರಪ್ಪ ಮನೆಗೆ ಬಂದ. ಅವನು ಊರಿನ ಮಾಲಿಪಾಟೀಲ, ಕಂದಾಯ ವಸೂಲಿ ನೋಡುವವನು. ಚಿಕ್ಕಂದಿನಲ್ಲಿ ನನ್ನ ಜೊತೆ ಒಂದೇ ಹಲಗೆಯ ಮೇಲೆ ಅಕ್ಷರ ತಿದ್ದಿದವನು. ಚಾ ಕುಡಿದ, ತಂಬಾಕು ತಿಕ್ಕಿದ, ಜೋಳದ ರಾಶಿಯ ಬಗ್ಗೆ ಎರಡು ಮಾತಾಡಿದ. ಆಮೇಲೆ ಬಂದ ಕೆಲಸ ಬಿಚ್ಚಿದ. ಅಫಜಲಪುರದ ಕಡೆಯಿಂದ ದವಾಖಾನೆಯ ಸಾಹೇಬರೊಬ್ಬರು ಬಂದು ನೋಡಿ ಹೋದರಂತೆ. ನಮ್ಮ ಬಾವಿಯ ಮೆಟ್ಟಿಲು ಮುಚ್ಚಬೇಕಂತೆ. ಸುತ್ತ ಕಟ್ಟೆ ಏರಿಸಿ, ಗಡಗಡಿ ಕೂಡಿಸಿ, ಹಗ್ಗ ಬಿಟ್ಟು ಸೇದಬೇಕಂತೆ. ಯಾರೂ ಒಳಗೆ ಇಳಿಯಕೂಡದಂತೆ.

“ಯಾಕಪ್ಪಾ?” ಎಂದೆ.

“ಊರಾಗ ನಾರುಹುಣ್ಣು ಹೆಚ್ಚಾಗ್ಯಾದಲ್ಲೋ. ಬಾವ್ಯಾಗ ಕಾಲು ಇಟ್ಟವ್ರಿಂದ ನೀರಿಗೆ ಬರ್ತದಂತ.”

“ಬಾವಿ ಯಾರದು?”

“ನಿಮ್ಮ ಮುತ್ಯಾಂದು. ಅದಕ್ಕೇ ನಿನ್ನ ಕೇಳಾಕ ಬಂದೇನಿ. ನೀ ಹ್ಞೂಂ ಅಂದ್ರ ಕೆಲಸ ಹಿಡಸ್ತೀವಿ.”

“ಹ್ಞೂಂ ಅನ್ನೂದಿಲ್ಲ.”

“ಗೊತ್ತಿತ್ತು ಬಿಡು,” ಎಂದು ಎದ್ದ. ಒಳಗೆ ನನ್ನ ಹೆಂಡತಿ ಭಾಗಮ್ಮನಿಗೆ ಕೇಳುವಂತೆ, “ಚಾ ಛಲೋ ಆಗಿತ್ತವ್ವಾ ತಂಗಿ, ಮನ್ಯಾಗ ಸಿಹಿ ಇರೂದು ಅದೊಂದೇ ನೋಡು,” ಎಂದು ಹೋದ.

ನನ್ನ ಮುತ್ಯಾ, ಅಜ್ಜ ಶಿವರಾಯ, ಆ ದೊಡ್ಡ ಬರದಲ್ಲಿ ಹಸಿದು ಬಂದವರಿಗೆ ಕೆಲಸ ಕೊಟ್ಟು ಜೋಳ ಅಳೆದು ಕಟ್ಟಿಸಿದ ಮೆಟ್ಟಿಲುಗಳು ಅವು. ಕೊನೆಯ ಮೆಟ್ಟಿಲ ಮೇಲೆ ಕೂತು, ಕಾಲು ನೀರಿಗೆ ಬಿಟ್ಟು, ಆ ದಿನ ಏನು ಓದಬೇಕು ಎಂದು ಯೋಚಿಸುವುದು ನನ್ನ ತಾರುಣ್ಯದಿಂದಲೂ ಬಂದ ರೂಢಿ. ಈ ಸಂಸ್ಥಾನದಲ್ಲಿ ನಾಲ್ಕು ಜನ ಕೂಡಿ ಮಾತಾಡಬೇಕಾದರೂ ಪರವಾನಗಿ ಬೇಕು. ಧಾರವಾಡದ ಪತ್ರಿಕೆ ಒಮ್ಮೆ ಬಂದರೆ ನಾಲ್ಕು ಸಲ ಬರುವುದಿಲ್ಲ. ಪ್ಲೇಗಿನ ವರ್ಷ ಊರು ಬಿಡಿಸಿ ಅಡವಿಗೆ ಅಟ್ಟಿದರು. ನನ್ನ ಪುಸ್ತಕಗಳನ್ನು ಗೆದ್ದಲು ತಿಂದವು. ಹಾಗೆ ಅಟ್ಟಿದ ಅಮಲ್ದಾರ ಇಂದಿನವರೆಗೆ ಒಂದು ಮಾತು ವಿಚಾರಿಸಿಲ್ಲ. ಎಲ್ಲ ಹೋಗಿ ಉಳಿದದ್ದು ಕಾಲು ನೆನೆಸುವ ಸ್ವಾತಂತ್ರ್ಯ ಒಂದೇ. ಈಗ ಅದಕ್ಕೂ ಕಟ್ಟೆ.

ಊಟಕ್ಕೆ ಕೂತಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.

“ಬಾವಿ ಮುಚ್ಚಾಕ ಹೇಳಿಲ್ರಿ, ಮೆಟ್ಲ ಮುಚ್ಚಾಕ ಹೇಳ್ಯಾರ,” ಎಂದಳು ಭಾಗಮ್ಮ. “ದಿನಾ ಕೊಡ ಹೊತ್ತು ಏರಾಕಿ ನಾನು. ಕಾಲು ತೊಳಿಯೋರು ನೀವು. ಸಿಟ್ಟೂ ಮತ್ತ ನಿಮಗೇ ಬರ್ತದ.”

ಇದಕ್ಕೆ ಉತ್ತರವಿದೆ. ಆದರೆ ರೊಟ್ಟಿ ಬಿಸಿಯಿತ್ತು.

ಮಾರ್ಚ್ 16, ರವಿವಾರ

ಸೊಲ್ಲಾಪುರದಿಂದ ತರಿಸಿದ ಒಂದು ಮರಾಠಿ ಪುಸ್ತಿಕೆಯಲ್ಲಿ ನಾರಿನ ಬಗ್ಗೆ ಇದೆ. ಖಂಡಿಸಬೇಕೆಂದೇ ಪೂರ್ತಿ ಓದಿದೆ. ಕಾಲಿನೊಳಗಿಂದ ಬಿಳಿ ನೂಲಿನಂಥ ಉದ್ದನೆಯ ಹುಳು ಹೊರಗೆ ಬರುತ್ತದೆ ಎನ್ನುವುದು ನಮಗೆ ಅವರು ಹೇಳಬೇಕಿಲ್ಲ. ಈ ಸೀಮೆಯಲ್ಲಿ ಅದನ್ನು ನೋಡದ ಮನೆಯಿಲ್ಲ. ಹುಳು ಇದ್ದವನು ನೀರಿಗೆ ಕಾಲಿಟ್ಟರೆ ಅದರ ಮರಿಗಳು ನೀರಿಗೆ ಬೀಳುತ್ತವಂತೆ. ಆ ನೀರು ಕುಡಿದವರಿಗೆ ಒಂದು ವರ್ಷದ ಮೇಲೆ ನಾರು ಹೊರಡುತ್ತದಂತೆ. ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿದರೆ ಬರುವುದಿಲ್ಲವಂತೆ. ಇನ್ನೂ ಒಂದು ಮಾತಿದೆ: ನಾರಿನ ಗುಳ್ಳೆ ಬೆಂಕಿಯಂತೆ ಉರಿಯುತ್ತ ನೀರನ್ನು ಬೇಡುತ್ತದೆ, ರೋಗಿ ತಾನಾಗಿಯೇ ಕಾಲನ್ನು ನೀರಿಗೆ ಒಯ್ಯುತ್ತಾನೆ. ಗುಳ್ಳೆಗೆ ಬೇಡುವ ಬುದ್ಧಿ ಎಲ್ಲಿಂದ ಬಂತು? ಇಂಥ ಕಟ್ಟುಕಥೆಯ ಮೇಲೆ ಸರ್ಕಾರ ಹುಕುಂ ಹೊರಡಿಸುತ್ತದೆ.

ಕುಡಿಯುವುದರಿಂದ ಬರುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ನಾರು ಬರುವುದು ಕಾಲಿಗೆ. ಆದ್ದರಿಂದ ಕಾಲಿನಿಂದಲೇ ಬಂದಿರಬೇಕು. ನನ್ನ ವಾದ ಚಿಕ್ಕದು, ಗಟ್ಟಿಯಾದದ್ದು: ನನ್ನ ಕಾಲು, ನನ್ನ ನಾರು. ಇಳಿದವನಿಗೆ ಬಂದರೆ ಅದು ಇಳಿದವನ ಪಾಡು. ಅದನ್ನು ತಡೆಯಲು ಬೇರೆಯವರು ಯಾರು?

ಇದನ್ನು ಬರೆದ ಮೇಲೆ ಮನಸ್ಸಿಗೆ ಹಿತವಾಯಿತು. ಗೊಬ್ಬೂರ ಸಂತೆಯಲ್ಲಿ ಕೊಂಡ ಹೊಸ ಚಪ್ಪಲಿ ಎಡಗಾಲಿನ ಹರಡಿಗೆ ಕಚ್ಚುತ್ತಿದೆ. ಆ ಸಮಗಾರನಿಗೆ ನಾಲ್ಕು ಮಾತು ಹೇಳಬೇಕು.

ಮಾರ್ಚ್ 19, ಬುಧವಾರ

ಚಪ್ಪಲಿ ಕಚ್ಚಿದಲ್ಲಿ ಗುಳ್ಳೆ ಎದ್ದಿದೆ. ಬಿಸಿ ಕಬ್ಬಿಣ ಇಟ್ಟಂತೆ ಉರಿ. ಬಾವಿಗೆ ಇಳಿದು ಕಾಲು ಬಿಟ್ಟೆ ನೋಡಿ, ಆಹಾ! ಕರಿಕಲ್ಲಿನ ಗೋಡೆಯ ಸಂದಿಯಲ್ಲಿ ಪಾರಿವಾಳ ಗುಟುರುತ್ತಿತ್ತು. ಮೇಲಿನ ಬಿಸಿಲು ಮೂರನೆಯ ಮೆಟ್ಟಿಲಿಗೇ ನಿಂತಿತ್ತು. ಉರಿ ಹೋಗಿ ಕಣ್ಣು ಮುಚ್ಚಿ ಬಂತು. ಈ ಸುಖ ಕಾಯ್ದೆ ಬರೆಯುವವರಿಗೆ ತಿಳಿಯದು.

ಹೆಂಗಸರು ಬಂದು ಪಕ್ಕದಲ್ಲೇ ಕೊಡ ಮುಳುಗಿಸುತ್ತಿದ್ದರು. ಅವರು ತುಂಬುವಾಗ ನಾನು ಕಾಲನ್ನು ಆಚೆಗೆ ಸರಿಸಿಕೊಳ್ಳುತ್ತೇನೆ. ನಾಗರಿಕ ನಡತೆ ಎಂದರೆ ಇದೇ. ಇದಕ್ಕೆ ಯಾವ ಹುಕುಮೂ ಬೇಕಾಗಲಿಲ್ಲ.

ದೇವಿಂದ್ರಪ್ಪ ಮೇಲಿನಿಂದ ಬಗ್ಗಿ ನೋಡಿದ.

“ಲೇ ಗುರಣ್ಣ, ಎಮ್ಮಿ ಹಾಂಗ ಬಿದ್ದೀಯಲ್ಲೋ! ಏಳೂದು ಯಾವಾಗ?”

“ಸಂಸ್ಥಾನಕ್ಕ ಸ್ವಾತಂತ್ರ್ಯ ಬಂದಾಗ.”

“ಹಾಂಗಾದ್ರ ಅಲ್ಲೇ ರೊಟ್ಟಿ ಕಳಸಾಕ ಹೇಳ್ತೇನಿ ತಂಗಿಗೆ!”

ಕೊಡ ಹೊತ್ತವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರ್ಚ್ 23, ರವಿವಾರ

ಗುಳ್ಳೆ ನೀರಿನಲ್ಲಿದ್ದಾಗಲೇ ಒಡೆಯಿತು. ಆರಾಮವಾಯಿತು. ಮುಂಜಾನೆ, ಸಂಜೆ ಎರಡು ಹೊತ್ತೂ ಇಳಿಯುತ್ತಿದ್ದೇನೆ. ನೀರೇ ಔಷಧ.

ಮಾರ್ಚ್ 28, ಶುಕ್ರವಾರ, ಯುಗಾದಿ

ಹೊಸ ಗಡಿಗೆಯಲ್ಲಿ ಭಾಗಮ್ಮ ಬೇವು ಮಾಡಿದ್ದಳು. ಬಾವಿಯ ತಣ್ಣೀರಿಗೆ ಹುಣಸೆಹುಳಿ, ಬೆಲ್ಲ, ಬೇವಿನ ಹೂವು, ಪುಟಾಣಿ, ಮಾವಿನಕಾಯಿಯ ಚೂರು. ಬಂದವರಿಗೆಲ್ಲ ನಾನೇ ಕೈಯಾರೆ ಬಟ್ಟಲು ತುಂಬಿ ಕೊಟ್ಟೆ. ಪಕ್ಕದ ಮನೆಯ ರೇವಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದಳು. ಆ ಕೂಸು ಎರಡು ಸಲ ಕೇಳಿ ಕುಡಿಯಿತು. ಇಂಥ ದಿನ ಈ ಊರಿನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ನಿಲ್ಲುವುದಿಲ್ಲ.

ಮರೆಮ್ಮ ಮಾತ್ರ ಬರಲಿಲ್ಲ. ನಮ್ಮ ಅಂಗಳ ಗುಡಿಸುವವಳು, ರಾಶಿಯ ಕಾಲಕ್ಕೆ ಕಣದಲ್ಲೂ ಅವಳೇ. ವಾರದಿಂದ ಕಾಣೆ. ಹಬ್ಬದ ಪಾಲು ತಪ್ಪಬಾರದೆಂದು ಚರಿಗೆಯಲ್ಲಿ ಬೇವು ಹಾಕಿಕೊಂಡು ನಾನೇ ಹೊಲಗೇರಿಯ ಕಡೆಗೆ ಹೋದೆ. ಅವಳು ಗುಡಿಸಲ ಮುಂದೆ ಕೂತಿದ್ದಳು. ಬಲಗಾಲು ಬಾತು ಕಲ್ಲಿನ ಮೇಲಿತ್ತು. ಮೀನಖಂಡದಿಂದ ಹೊರಬಂದ ಬಿಳಿ ಎಳೆಯನ್ನು ತೊಗರಿ ಕಡ್ಡಿಗೆ ಸುತ್ತಿ ಚಿಂದಿ ಕಟ್ಟಿದ್ದಳು.

“ಹಬ್ಬಕ್ಕೂ ಬರಲಿಲ್ಲಲ್ಲಬೇ ಮರೆಮ್ಮಾ?”

“ಕಾಲೇ ಏಳವಲ್ಲದು, ಎಲ್ಲಿಗಿ ಬರ್ಲಿ ಧಣಿ? ನಾರು ಹೊಂಟಾದ.”

“ಬಾವ್ಯಾಗ ಇಳದಿದ್ದೇನು?”

ಅವಳು ನನ್ನನ್ನು ನೋಡಿದ ರೀತಿ ತಿಳಿಯದ ಕೂಸನ್ನು ನೋಡಿದಂತಿತ್ತು.

“ಯಾವಾಗ ಇಳ್ಯಾಕ ಬಿಟ್ಟೀರ್ರಿ? ನಮ್ಮವ್ವ ಇಳದಿಲ್ಲ, ಅಕೀ ಅವ್ವ ಇಳದಿಲ್ಲ. ಮೆಟ್ಲ ಎಷ್ಟ ಅದಾವ ಅನ್ನೂದೂ ನನಗ ಗೊತ್ತಿಲ್ಲ. ನಾ ದೂರ ನಿಂತೇನಿ, ನೀವು ಸುರವೀರಿ, ನಾ ಕುಡದೇನಿ. ಅಷ್ಟೇ ನನ್ನ ಬಾವಿ.” ಆಮೇಲೆ ತಾನೇ ನಕ್ಕಳು. “ನಾರಿಗಿ ಮಾತ್ರ ಮೈಲಿಗಿ ಇಲ್ಲ ನೋಡ್ರಿ.”

ಬೇವನ್ನು ಅವಳ ಬಟ್ಟಲಿಗೆ ಸುರಿದೆ. ಎತ್ತರದಿಂದಲೇ ಸುರಿದೆ, ರೂಢಿಯಂತೆ. ಗಟಗಟ ಕುಡಿದು, “ಹುಳಿ ಬರೋಬ್ಬರಿ ಆಗ್ಯಾದ್ರಿ,” ಎಂದಳು.

ನನ್ನ ವಾದದಲ್ಲಿ ಒಂದು ಕಡೆ ತೂತು ಬಿದ್ದಿದೆ. ಇಳಿದವನ ಪಾಡು ಎಂದು ಬರೆದಿದ್ದೆ. ಇಳಿಯದವಳಿಗೆ ಹೇಗೆ ಬಂತು? ಕುಡಿದೇ ಬಂದಿರಬೇಕು. ಪುಸ್ತಿಕೆ ಬರೆದವನು ಅಷ್ಟರಮಟ್ಟಿಗೆ ಸರಿ. ಅವಳಿಗೆ ಇಳಿಯಬೇಡ ಎಂದವರು ಯಾರು? ಊರು ಎಂದು ಬರೆಯಲು ಹೋದೆ. ಊರಿನಲ್ಲಿ ನಾನೂ ಇದ್ದೇನೆ. ಈ ಸಾಲು ಸರಿಯಾಗಿ ಬರುತ್ತಿಲ್ಲ, ನಾಳೆ ತಿದ್ದಬೇಕು.

ಮಾರ್ಚ್ 29, ಶನಿವಾರ

ಗುಳ್ಳೆ ಒಡೆದ ಜಾಗದಲ್ಲಿ ಬಿಳಿ ಎಳೆ ಕಾಣಿಸಿತು. ದಾರ ಅಂಟಿದೆ ಎಂದುಕೊಂಡು ಎಳೆದೆ. ದಾರವಲ್ಲ.

ಭಾಗಮ್ಮ ನೋಡಿ, ತೊಗರಿ ಕಡ್ಡಿ ತರಲು ಎದ್ದಳು.

ಚಪ್ಪಲಿಯದೇನೂ ತಪ್ಪಿರಲಿಲ್ಲ.

ನಿನ್ನೆಯ ಬೇವಿಗೆ ನೀರು ಆ ಬಾವಿಯದೇ.

ಏಪ್ರಿಲ್ 2, ಬುಧವಾರ

ನಡುವೆ ಬರೆಯಲಿಲ್ಲ. ಬರೆಯಬೇಕಾದದ್ದು ಒಂದೇ ಇತ್ತು. ಅದನ್ನು ಬರೆಯುವ ಮನಸ್ಸಿರಲಿಲ್ಲ.

ಸುಮ್ಮನಿರಬಹುದಿತ್ತು. ನನ್ನ ಕಾಲು ಧೋತರದೊಳಗಿದೆ, ಯಾರು ಕಂಡರು? ನೀರಿಗೆ ಬಿದ್ದದ್ದು ಜನರ ಕಾಲಿನಲ್ಲಿ ಹೊರಡಲು ಒಂದು ವರ್ಷ ಬೇಕು. ಮುಂದಿನ ಯುಗಾದಿಗೆ ಊರಲ್ಲಿ ಹತ್ತು ಜನ ಮಲಗಿದರೆ, ಈ ಯುಗಾದಿಗೆ ಕೊನೆಯ ಮೆಟ್ಟಿಲ ಮೇಲೆ ಕೂತವನು ಯಾರೆಂದು ಯಾರೂ ಹುಡುಕುವುದಿಲ್ಲ. ಆ ಹುಳು ಒಳ್ಳೆಯ ವಕೀಲನಿಗಿಂತ ಚೆನ್ನಾಗಿ ನನ್ನನ್ನು ಬಿಡಿಸುತ್ತಿತ್ತು.

ಆದರೆ ಈಗಿನಿಂದಲೇ ಸೋಸಿ ಕುಡಿದರೆ ಮುಂದಿನದನ್ನು ತಪ್ಪಿಸಬಹುದು ಎಂದು ಪುಸ್ತಿಕೆ ಹೇಳುತ್ತದೆ. ಸೋಸಿರಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಇಷ್ಟು ದಿನ ಸೋಸುವುದು ದಡ್ಡತನ ಎಂದವನು ನಾನೇ.

ಮೂರು ನಾಲ್ಕು ದಿನ ಹೀಗೆ ಕಳೆದ ಮೇಲೆ ಭಾಗಮ್ಮ ಕೇಳಿದಳು, “ನೀವು ಹೇಳ್ತೀರೋ, ನಾ ಹೇಳ್ಲೋ?”

ಕೋಲು ಊರಿಕೊಂಡು ಚಾವಡಿಗೆ ಹೋದೆ. ಕೂತವರ ಮುಂದೆ ಧೋತರ ಎತ್ತಿ ಕಾಲು ತೋರಿಸಿದೆ. “ಹೋಳಿ ಹುಣ್ಣಿಮಿ ದಾಟಿದಾಗಿಂದ ಈ ಕಾಲು ನಿಮ್ಮ ಕುಡಿಯೋ ನೀರಾಗ ಇತ್ತು. ಇವತ್ತಿನಿಂದ ಸೋಸಿ ಕುಡೀರಿ, ಎರಡು ಪದರ ಅರಬಿ ಇರ್ಲಿ,” ಎಂದೆ. ದೊಡ್ಡ ಭಾಷಣ ಸಿದ್ಧ ಮಾಡಿಕೊಂಡಿದ್ದೆ, ಅದರಲ್ಲಿ ಹೊರಬಂದದ್ದು ಇಷ್ಟೇ.

ದೇವಿಂದ್ರಪ್ಪ ಹಂಗಿಸುತ್ತಾನೆಂದು ತಿಳಿದಿದ್ದೆ. ಅವನು ಕೈಯ ತಂಬಾಕು ಝಾಡಿಸಿ, ಬಗ್ಗಿ ನನ್ನ ಕಾಲು ನೋಡಿದ. ನೀರು ಹೊತ್ತು ಹೊರಟಿದ್ದ ರೇವಮ್ಮ ಕೊಡ ಇಳಿಸಿ ನಿಂತಳು.

“ನನ್ನ ಮೊಮ್ಮಗಳಿಗಿ ಕೈಯಾರೆ ಬೇವು ಕುಡಿಸಿದ್ರಲ್ರಿ ಕಾಕಾ!”

“ಕುಡಿಸೇನವ್ವಾ.”

“ಇಷ್ಟ ಓದೀರಿ.”

“ಓದೇನಿ.”

ಅವಳು ಆ ಕೊಡದ ನೀರನ್ನು ಅಲ್ಲೇ ನನ್ನ ಕಾಲ ಮುಂದೆ ಚೆಲ್ಲಿ ಹೋದಳು. ಹಕ್ಕಿನ ಪ್ರಶ್ನೆ ಎತ್ತಿದ್ದರೆ ನನ್ನಲ್ಲಿ ಉತ್ತರ ಇತ್ತು. ಅವಳು ಎತ್ತಲಿಲ್ಲ.

ಮನೆಗೆ ಬಂದರೆ ಭಾಗಮ್ಮ ಪೆಟ್ಟಿಗೆ ತೆರೆದು ಕೂತಿದ್ದಳು. ನನ್ನ ನಾಗಪುರ ಧೋತರಗಳು, ಮದುವೆ ಮುಂಜಿಗೆಂದು ಇಟ್ಟದ್ದು ಸಹ, ಚರ್ ಚರ್ ಎಂದು ಹರಿಯುತ್ತಿದ್ದಳು. ಮನೆಗೊಂದು ಸೋಸುವ ಬಟ್ಟೆ, ಕೇರಿಗೂ ಸೇರಿಸಿ.

“ನನ್ನ ಒಂದು ಮಾತು ಕೇಳಬೇಕಿತ್ತಲ್ಲಬೇ!”

“ನೀವು ಬಾವ್ಯಾಗ ಕಾಲು ಬಿಡುವಾಗ ಊರಿಗಿ ಕೇಳಿದ್ದಿರೇನು? ಆ ತುದಿ ಹಿಡೀರಿ, ಸೀದಾ ಹರೀತದ.”

ಹಿಡಿದೆ. ಸೀದಾ ಹರಿಯಿತು.

ಏಪ್ರಿಲ್ 13, ರವಿವಾರ

ದಿನಾ ಮುಂಜಾನೆ ಭಾಗಮ್ಮ ಕಡ್ಡಿಯನ್ನು ಒಂದು ಸುತ್ತು ತಿರುಗಿಸುತ್ತಾಳೆ. ಹೆಚ್ಚು ಎಳೆದರೆ ಹುಳು ತುಂಡಾಗಿ ಕಾಲು ಕೊಳೆಯುತ್ತದೆ. ಅವಸರ ಕೂಡದು, ಬಿಡಲೂ ಕೂಡದು. ಮಾತಿನಲ್ಲೇ ಜಯಿಸುವವನಿಗೆ ಇದು ಕಷ್ಟದ ಶಾಲೆ. ಆದರೆ ಬೇವಿನ ಮರದ ನೆರಳಿದೆ, ಓದಲು ಹೊತ್ತಿದೆ. ರೇವಮ್ಮ ಇನ್ನೂ ಮಾತಾಡಿಸುವುದಿಲ್ಲ. ನಿನ್ನೆ ಮಾತ್ರ ಬಟ್ಟಲಲ್ಲಿ ಸಾಸಿವೆಯ ಲೇಪ ಕಳಿಸಿದ್ದಳು.

ದೇವಿಂದ್ರಪ್ಪ ಬಂದು ಮಂಚದ ತುದಿಗೆ ಕೂತ.

“ಈಗರ ಹ್ಞೂಂ ಅಂತೀಯೇನೋ?”

“ಅಂತೇನಿ. ಆದ್ರ ಒಂದು ಕರಾರು ಅದ. ಆ ಹಗ್ಗ ಯಾರು ಸೇದೋರು?”

“ಊರವ್ರು.”

“ಮರೆಮ್ಮ ಊರಾಕಿ ಅಲ್ಲೇನು?”

ಅವನು ಅತ್ತಿತ್ತ ನೋಡಿದ. “ಲೇ, ಅದೊಂದು ಎತ್ತಬ್ಯಾಡೋ. ಮೆಟ್ಲ ಮುಚ್ಚೂದು ಒಂದು ಮಾತು, ಅದು ಬ್ಯಾರೇ ಮಾತು.”

“ಎರಡೂ ಒಂದೇ ನೀರಿನ ಮಾತು. ನಾನು ಕಾಲು ಬಿಟ್ಟ ನೀರು ಅಕಿ ಕುಡೀಬಹುದು, ಅಕಿ ಮುಟ್ಟಿದ ಹಗ್ಗ ನಾ ಹಿಡೀಬಾರದೇನು? ಬಾವಿ ಯಾರದು?”

“ನಿಮ್ಮ ಮುತ್ಯಾಂದು ಮಾರಾಯಾ, ಎಷ್ಟ ಸಲ ಹೇಳ್ಲಿ!”

“ಹಾಂಗಾದ್ರ ನನ್ನ ಬಾವ್ಯಾಗ ಯಾರು ಸೇದಬೇಕು ಅನ್ನೂದು ನನ್ನ ಸ್ವಾತಂತ್ರ್ಯ. ನಾ ಮೆಟ್ಲ ಬಿಡ್ತೇನಿ, ಊರು ಮಡಿ ಬಿಡ್ಲಿ.”

“ಮಗನ, ಸೋತು ಗೆಲ್ಲಾಕತ್ತಿಯಲ್ಲೋ ನೀ,” ಎಂದು ತಲೆ ಕೆರೆದುಕೊಂಡ.

ಸಂಜೆಯವರೆಗೆ ಚಾವಡಿಯಲ್ಲಿ ಗದ್ದಲವಾಯಿತಂತೆ. ಕೊನೆಗೆ ಒಪ್ಪಿದ್ದು ಎರಡು ಗಡಗಡಿ. ಮೂಡಣ ಬದಿಗೆ ಒಂದು ಊರಿಗೆ, ಪಡುವಣ ಬದಿಗೆ ಒಂದು ಕೇರಿಗೆ. ಒಂದೇ ಬಾವಿಗೆ ಎರಡು ಬಾಯಿ! ಇದು ಅರ್ಧ ನ್ಯಾಯ, ಉಳಿದರ್ಧವನ್ನು ನಾನು ಬಿಟ್ಟಿಲ್ಲ ಎಂದು ಹೇಳಿ ಕಳಿಸಿದೆ. ಒಪ್ಪಿಗೆ ಕೊಟ್ಟೆ.

ಮೊದಲ ದಿನ ಏನು ಬರೆದಿದ್ದೆನೋ ಅದರಿಂದ ನಾನು ಒಂದು ಗೇಣೂ ಸರಿದಿಲ್ಲ. ಬಾವಿ ನನ್ನದು ಎಂದಿದ್ದೆ, ಈಗಲೂ ಅದೇ ಅನ್ನುತ್ತೇನೆ.

ಏಪ್ರಿಲ್ 27, ರವಿವಾರ

ನಾರು ಪೂರ್ತಿ ಬಂತು. ಕಾಲು ಹಗುರ. ಬಾವಿಯ ಕೆಲಸ ಹಿಡಿದಿದೆ. ಅಫಜಲಪುರದ ಗೌಂಡಿ ಉಸ್ಮಾನಸಾಬ ಮೇಲಿನ ಮೆಟ್ಟಿಲುಗಳ ಕಲ್ಲು ಕಿತ್ತು ಅವನ್ನೇ ಕಟ್ಟೆಗೆ ಕೂಡಿಸುತ್ತಿದ್ದಾನೆ. ಬೇಸರವಾಗಬೇಕಿತ್ತು. ಕೂತು ನೋಡಿದರೆ ಅವನ ಕೈ ಚೆನ್ನಾಗಿದೆ. ಒಂದು ಸಂದಿಗೂ ಬೆರಳು ತೂರುವುದಿಲ್ಲ.

“ಧಣಿ, ನಿಮ್ಮ ಮುತ್ಯಾ ಭಾಳ ಶಾಣ್ಯಾ,” ಎಂದ ಉಸ್ಮಾನಸಾಬ. “ಕೀಳಾಕ ಹೋದ್ರ ಒಂದೊಂದು ಕಲ್ಲೂ ಜಗಳ ತಗೀತದ. ಮನೆತನದ ಗುಣ ಅಂತ ಕಾಣ್ತದ.”

ಮಧ್ಯಾಹ್ನ ಕುರಿ ಕಾಯುವ ಅಮೋಘಸಿದ್ದ, ಮೀಸೆ ಬಂದ ಗಂಡಸು, ಇನ್ನೂ ಉಳಿದಿದ್ದ ಮೆಟ್ಟಿಲಿನಿಂದ ಸರಸರ ಇಳಿದು ಕಾಲು ತೊಳೆಯತೊಡಗಿದ. ಕೂಗಿದೆ.

“ಏಯ್! ಕಾಲು ತಗಿಯೋ ನೀರಾಗಿಂದ!”

“ನನ್ನ ಕಾಲು, ನನ್ನ ಖುಷಿ, ನಿಮಗೇನ್ರಿ ಕಾಕಾ?”

ಕೋಲು ಎತ್ತಿಕೊಂಡು ಮೆಟ್ಟಿಲ ಬಾಯಿಗೆ ಹೋಗಿ ನಿಂತೆ. ಏರಿ ಬರುವವರೆಗೆ ಬಿಡಲಿಲ್ಲ. ಸಂಜೆಯವರೆಗೆ ಅಲ್ಲೇ ಕೂತೆ, ಇನ್ನೊಬ್ಬ ಇಳಿಯದಂತೆ. ನನ್ನ ಕಾಲು ನನ್ನ ಖುಷಿ ಅಂತೆ! ಇಷ್ಟು ತಿಳಿವಳಿಕೆಯಿಲ್ಲದ ಮಾತನ್ನು ಇಷ್ಟು ಧೈರ್ಯದಿಂದ ಆಡುವವರನ್ನು ನಾನು ಹಿಂದೆಂದೂ ಕಂಡಿಲ್ಲ. ಸ್ವಾತಂತ್ರ್ಯ ಎಂಬ ಶಬ್ದವನ್ನು ಈ ಜನಕ್ಕೆ ಯಾರು ಕಲಿಸಿದರೋ.

ಇದನ್ನು ಓದಿ ಹೇಳಿದಾಗ ಭಾಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗುವಂಥದ್ದು ಏನಿತ್ತೋ ತಿಳಿಯಲಿಲ್ಲ.

ಮೇ 15, ಗುರುವಾರ

ಕಟ್ಟೆ ಎದ್ದಿತು, ಗಡಗಡಿ ಕೂತವು. ಕೆಲವು ಮನೆಯವರು ಕೇರಿಯ ಹಗ್ಗ ಇಳಿಯುವ ಬಾವಿಯ ನೀರು ಬೇಡವೆಂದು ಊರಾಚೆಯ ಸವಳು ಬಾವಿಗೆ ಹೋದರು. ಆ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಅವರ ಮಡಿ ಬೇಳೆಯ ತನಕ ತಾಳಿತು; ಇವತ್ತು ಮುಂಜಾನೆ ಒಬ್ಬೊಬ್ಬರಾಗಿ ಕೊಡ ಹಿಡಿದು ಬಂದಿದ್ದರು. ನಾನು ಏನೂ ಅನ್ನಲಿಲ್ಲ. ಅನ್ನಬೇಕೆಂದು ಬಹಳ ಅನ್ನಿಸಿತು.

ಮೂಡಣ ಗಡಗಡಿ ಗರಗರ ತಿರುಗುತ್ತಿತ್ತು. ರೇವಮ್ಮ ಸೇದುತ್ತಿದ್ದಳು. ಪಡುವಣ ಬದಿಯಲ್ಲಿ ಕೇರಿಯ ಹೆಂಗಸರು ಹಗ್ಗದಿಂದ ಮಾರು ದೂರ ನಿಂತಿದ್ದರು, ಇನ್ನೂ ಯಾರೋ ಬಂದು ಸುರಿಯಬೇಕು ಎಂಬಂತೆ. ಕಡೆಗೆ ಮರೆಮ್ಮ ಕುಂಟುತ್ತ ಮುಂದೆ ಬಂದಳು. ಕೊಡದ ಕೊರಳಿಗೆ ಹಗ್ಗ ಬಿಗಿದಳು. ಕಟ್ಟೆಯ ಮೇಲೆ ಎರಡೂ ಕೈ ಊರಿ ಒಳಗೆ ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ. ಹಿಂದೆ ಸಾಲು ಬೆಳೆಯಿತು.

ಎದುರು ಬದಿಯಿಂದ ರೇವಮ್ಮ ಕೂಗಿದಳು, “ಏನ್ ನೋಡಾಕತ್ತೀಬೇ ಮರೆಮ್ಮಾ? ಜಲ್ದಿ ಬಿಡು ಕೊಡ!”

“ನೀರು ನೋಡಾಕತ್ತೇನ್ರಿ.”

“ದಿನಾ ಕುಡೀತೀಯಲ್ಲ ಅದನ್ನ!”

“ಕುಡದೇನ್ರೀ ಯವ್ವಾ,” ಎಂದಳು ಮರೆಮ್ಮ, ತಲೆ ಎತ್ತದೆ. “ನೋಡಿದ್ದಿಲ್ಲ.”

ರೇವಮ್ಮ ಹಗ್ಗ ಹಿಡಿದ ಕೈ ನಿಲ್ಲಿಸಿದಳು.

ಹೀಗೆ ತಡವಾದರೆ ನಡೆಯುವುದಿಲ್ಲ, ಸರದಿಗೆ ಒಂದು ನಿಯಮ ಮಾಡಬೇಕು ಎಂದ ದೇವಿಂದ್ರಪ್ಪ. ಮಾಡಿಸು, ನಾನೇ ನಿಂತು ನಡೆಸುತ್ತೇನೆ ಎಂದೆ. ಆದರೆ ನಿಯಮ ಸೇದುವವರಿಗೆ ಮಾತ್ರ, ನೋಡುವವರಿಗೆ ಬೇಡ.